ಟಿಕೆಟ್ ಇಲ್ಲದ ದೀಪ

ನಾನು ಒಂದು ಬಲ್ಬು. ಒಂಬತ್ತು ವಾಟಿನದು. ಕಾರ್ಖಾನೆಯಲ್ಲಿ ನನ್ನ ಬಿಳಿ ಟೋಪಿಯೊಳಗೆ ಉಗುರಿನಷ್ಟಗಲದ ವೈಫೈ ಚಿಪ್ಪೊಂದನ್ನು ಕೂರಿಸಿದರು. ಬಣ್ಣ ಬದಲಿಸಲು ಅದು ಬೇಕಂತೆ. ಪರೀಕ್ಷೆಗೆಂದು ಮೂರು ಸೆಕೆಂಡು ಹೊತ್ತಿಸಿ, ಆರಿಸಿ, ಡಬ್ಬಿಗೆ ಹಾಕಿದರು. ನನ್ನ ಬಾಲ್ಯ ಅಷ್ಟೇ.

ನನ್ನನ್ನು ಕೊಂಡವಳು ಶ್ರೀದೇವಿ. ಹುಬ್ಬಳ್ಳಿಯ ತವರುಮನೆಯಲ್ಲಿ ಅವಳ ಕುಬಸದ, ಎಂದರೆ ಸೀಮಂತದ, ಸಡಗರವಿತ್ತು. ಫೋನಿನ ಮೇಲೆ ಬೆರಳಾಡಿಸಿ ನನ್ನನ್ನು ಮನೆಯ ವೈಫೈಗೆ ಸೇರಿಸಿದಳು. ಆ ದಿನ ನಾನು ಗುಲಾಬಿಯಾದೆ, ನೀಲಿಯಾದೆ, ಹಸಿರಾದೆ. ಹಸಿರು ಬೆಳಕಿನಲ್ಲಿ ಆರತಿ ಹಿಡಿದ ಮುತ್ತೈದೆಯರ ಮುಖ ಕಂಡು ಕೂಸೊಂದು ಕಿರುಚಿದ್ದರಿಂದ ಕೊನೆಗೆ ಅರಿಸಿನ ಬಣ್ಣದಲ್ಲಿ ನಿಲ್ಲಿಸಿದಳು. ಹೆರಿಗೆಯಾಗಿ ಮಗುವಿನೊಡನೆ ಗದಗಿಗೆ ಹೋದವಳು ಫೋನು ಬದಲಿಸಿದಳು. ನನ್ನನ್ನು ಮರೆತಳು.

ಅವಳ ತಾಯಿ ಸುವರ್ಣವ್ವ ಮರೆಯಲಿಲ್ಲ. ದೇವರ ಕೋಣೆಯ ಜೀರೋ ಬಲ್ಬು ಸುಟ್ಟಾಗ ನನ್ನನ್ನು ಅಲ್ಲಿಗೆ ಏರಿಸಿದರು. ಆ ಮನೆಯಲ್ಲಿ ದೇವರ ದೀಪ ಆರಬಾರದು. ಯಾರೂ ಮುಟ್ಟದಿರಲಿ ಎಂದು ಅದರ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದರು. ಕರೆಂಟು ಹೋದರೆ ಇನ್ವರ್ಟರು ನನ್ನನ್ನೂ ವೈಫೈ ಪೆಟ್ಟಿಗೆಯನ್ನೂ ಕಾಯುತ್ತಿತ್ತು. ನಾನು ಹಗಲಿರುಳು ಉರಿಯುತ್ತ, ಯಾರೂ ಕೇಳದಿದ್ದರೂ ವೈಫೈಗೆ ಹಾಜರಿ ಹೇಳುತ್ತಿದ್ದೆ.

ಮನೆಯ ಯಜಮಾನರು ಗದಿಗೆಪ್ಪ ಬಳಿಗಾರ. ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯುವವರಲ್ಲಿ ಯಾರದು ನಿಜವಾದ ನಿದ್ದೆ, ಯಾರದು ಟಿಕೆಟ್ ಇಲ್ಲದ ನಿದ್ದೆ ಎಂದು ಕಾಲಿನ ಹೆಬ್ಬೆರಳು ನೋಡಿಯೇ ಹೇಳಬಲ್ಲೆ ಎನ್ನುತ್ತಿದ್ದರು. ಒಂದು ದಿನ ಅವರ ಫೋನಿನಲ್ಲಿ ವಿಡಿಯೊ ನಿಂತು ನಿಂತು ಬಂತು. ಕೇಬಲ್ಲಿನವನು ಬಂದು ಒಂದು ಆ್ಯಪ್ ಹಾಕಿಕೊಟ್ಟ. "ನಿಮ್ಮ ನೆಟ್ ಯಾರ್‍ಯಾರು ಬಳಸಾಕತ್ತಾರ, ಎಲ್ಲಾ ಇದರಾಗ ಕಾಣತೈತ್ರಿ."

ಆರು ಹೆಸರು ಕಂಡವು. ಐದರ ಗುರುತು ಸಿಕ್ಕಿತು: ಇಬ್ಬರ ಫೋನು, ಟಿವಿ, ಗೇಟಿನ ಕ್ಯಾಮೆರಾ, ಮಗಳು ಬಿಟ್ಟುಹೋದ ಟ್ಯಾಬು. ಆರನೆಯದರ ಎದುರು ಹನ್ನೆರಡು ಅಂಕಿ-ಅಕ್ಷರಗಳ ಒಂದು ಸಾಲು, ಮೇಲೆ 'ಅಪರಿಚಿತ ಸಾಧನ' ಎಂಬ ಬಿರುದು. ಅದು ನಾನು.

ಗದಿಗೆಪ್ಪನವರ ಮೀಸೆಗೆ ಹತ್ತು ವರ್ಷ ಪ್ರಾಯ ಇಳಿಯಿತು. ರೂಲರಿನಿಂದ ಗೆರೆ ಎಳೆದು ಚಾರ್ಟು ಮಾಡಿದರು. ಪಾಸ್‌ವರ್ಡ್ ಬದಲಿಸಿದ್ದರೆ ಅಂದೇ ಮುಗಿಯುತ್ತಿತ್ತು. ಆದರೆ ಟಿಕೆಟ್ ಇಲ್ಲದವನನ್ನು ಹಿಡಿಯದೆ ಬೋಗಿಯ ಬಾಗಿಲು ಹಾಕುವ ಜಾಯಮಾನ ಅವರದಲ್ಲ. ಒಂದೊಂದೇ ಸಾಧನವನ್ನು ಆರಿಸಿ, ಎರಡು ನಿಮಿಷ ಕಾದು, ಪಟ್ಟಿಯಲ್ಲಿ ಯಾವ ಹೆಸರು ಹೋಯಿತೆಂದು ಗುರುತು ಹಾಕಿದರು. ತಮ್ಮ ಫೋನನ್ನೂ ಆರಿಸಿ, ಅದರ ಕಪ್ಪು ಮುಖವನ್ನು ದಿಟ್ಟಿಸುತ್ತ ನಿಂತರು.

"ಫೋನ್ ಆರಿಸಿ ಫೋನಿನ್ಯಾಗ ಏನ ನೋಡಾಕತ್ತೀರಿ?" ಎಂದರು ಸುವರ್ಣವ್ವ.

"ತಪಾಸಣೆ ನಡದೈತಿ. ನಡುವ ಮಾತಾಡಬ್ಯಾಡ."

ಈ ತಪಾಸಣೆಯೆಲ್ಲ ನಡೆದದ್ದು ದೇವರ ಕೋಣೆಯಲ್ಲಿ, ಪೂಜೆಯ ಮಣೆಯ ಮೇಲೆ, ನನ್ನ ಕೆಳಗೆ. ಅಲ್ಲೇ ಬೆಳಕು ಚೆನ್ನಾಗಿತ್ತಂತೆ.

ನಾಲ್ಕನೆಯ ದಿನ ಸಂಶಯ ಮೆಟ್ಟಿಲು ಹತ್ತಿತು. ಮಹಡಿಯ ಮೇಲೆ ಬಾಡಿಗೆಗಿದ್ದವಳು ಇಂದುಮತಿ ಕಲಾಲ. ರವಿಕೆ ಹೊಲಿದು, ಸೀರೆಗೆ ಫಾಲು ಹಚ್ಚಿ ಬದುಕುವವಳು. ಮೆಟ್ಟಿಲಿಗೊಂದು ಲೈಟು ಹಾಕಿಸಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದಳು. ಗದಿಗೆಪ್ಪನವರು "ನೋಡೂಣಂತ" ಎನ್ನುತ್ತಿದ್ದರು. ಹೋದ ದೀಪಾವಳಿಯಲ್ಲಿ ಅವಳ ನೆಟ್ ಮುಗಿದಾಗ ಪಾಸ್‌ವರ್ಡ್ ಹೇಳಿಕೊಟ್ಟವರು ಸುವರ್ಣವ್ವನವರೇ.

ಅವಳನ್ನು ಕೆಳಗೆ ಕರೆಸಿದರು. ರೈಲಿನಲ್ಲಿ ಹೇಳುತ್ತಿದ್ದಂತೆಯೇ ತಣ್ಣಗೆ ಹೇಳಿದರು: "ನಮ್ಮ ವೈಫೈ ಕದ್ದದ್ದು ಒಪ್ಪಿಕೊಂಡ್ರ ದಂಡ ಹಾಕದ ಬಿಡತೀನಿ. ಇಲ್ಲಾಂದ್ರ ಈ ತಿಂಗಳಿಗೇ ಮನಿ ಖಾಲಿ ಮಾಡ್ರಿ."

ಇಂದುಮತಿಯ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಅವಳು ತನ್ನ ಫೋನನ್ನು ಆರಿಸಿ ಮಣೆಯ ಮೇಲಿಟ್ಟಳು. ಎರಡು ನಿಮಿಷವಾಯಿತು. ಅಪರಿಚಿತ ಸಾಧನ ಅಲ್ಲೇ ಇತ್ತು.

"ಮ್ಯಾಲ ಇನ್ನೊಂದು ಫೋನ್ ಇರಬೇಕು," ಎಂದರು ಗದಿಗೆಪ್ಪ.

"ಸಾಹೇಬ್ರ, ಮನಿ ಬಿಡಂದ್ರ ಬಿಡತೀನಿ. ಕಳ್ಳಿ ಅನ್ನಿಸಿಕೊಂಡು ಬಿಡಂಗಿಲ್ಲ. ನಾಳಿ ಈ ಓಣ್ಯಾಗ ಯಾರು ನನ್ನ ಕಡೆ ರೇಷ್ಮಿ ಸೀರಿ ನಂಬಿ ಕೊಡತಾರ? ಆ ಚಾರ್ಟ್ ಕೊಡ್ರಿಲ್ಲೆ." ಬಟ್ಟೆಯ ಅಳತೆ ನೋಡುವವಳಂತೆ ಬೆರಳಿಟ್ಟು ಓದಿದಳು. "ಮನ್ಯಾಗ ಎಲ್ಲಾ ಆರಿಸೀರಿ?"

"ಎಲ್ಲಾ. ಫ್ರಿಜ್ಜನ್ನೂ ಬಿಟ್ಟಿಲ್ಲ."

"ಹಾಲು ಒಡದಾವು," ಎಂದು ಸುವರ್ಣವ್ವ ಸಾಕ್ಷಿ ಹೇಳಿದರು.

ಇಂದುಮತಿ ತಲೆಯೆತ್ತಿದಳು. ಆ ಕೋಣೆಯಲ್ಲಿ ನನ್ನನ್ನು ನೆಟ್ಟಗೆ ನೋಡಿದ ಮೊದಲ ಕಣ್ಣು ಅವಳದು. ಉಳಿದವರೆಲ್ಲ ಕೈಮುಗಿದು ಕಣ್ಣು ಮುಚ್ಚುತ್ತಿದ್ದರು.

"ಇದನ್ನ?"

"ಅದು ದೇವರ ದೀಪ. ಅದನ್ನ ಆರಸಂಗಿಲ್ಲ," ಎಂದರು ಗದಿಗೆಪ್ಪ.

"ಅಲ್ರೀ, ಕುಬಸದಾಗ ಬಣ್ಣಬಣ್ಣ ಆಗಿದ್ದ ಬಲ್ಬ್ ಇದs ಅಲ್ಲೇನು? ಶ್ರೀದೇವಿ ಫೋನಿನ್ಯಾಗ ಒತ್ತತಿದ್ಲು, ನಾನs ಕಂಡೀನಿ. ನೀವು ಡಬ್ಬಿ ಡಬ್ಬಿ ಟಿಕೆಟ್ ಕೇಳೀರಿ, ಎಂಜಿನ್ನಿನ್ಯಾಗ ಕುಂತಾಂವನ್ನ ಕೇಳೇ ಇಲ್ಲ."

ಗದಿಗೆಪ್ಪನವರು ಒಮ್ಮೆ ನನ್ನನ್ನೂ ಒಮ್ಮೆ ಅವಳನ್ನೂ ನೋಡಿದರು. ಆರಿಸಿದರೆ ಮನೆತನದ ಕಟ್ಟಳೆ ಹೋಗುತ್ತದೆ. ಆರಿಸದಿದ್ದರೆ ಒಬ್ಬ ಹೆಣ್ಣುಮಗಳ ಮರ್ಯಾದೆ ಹೋಗುತ್ತದೆ. ಇಂಥ ಪ್ರಯಾಣಿಕನಿಗೆ ಯಾವ ಕಲಮು ಹಾಕಬೇಕೆಂದು ಅವರಿಗೆ ಹೊಳೆಯಲಿಲ್ಲ. ಕೈ ಸ್ವಿಚ್ಚಿನವರೆಗೆ ಹೋಗಿ ಮೀಸೆಗೆ ಮರಳಿತು.

ಸುವರ್ಣವ್ವ ಎದ್ದರು. ಹಿತ್ತಾಳೆಯ ಸಮೆ ದೀಪಕ್ಕೆ ಎಣ್ಣೆ ಹೊಯ್ದು, ಬತ್ತಿ ಹೊಸೆದು ಹಚ್ಚಿದರು. "ದೇವರಿಗೆ ಕತ್ತಲಿ ಆಗಬಾರದು, ಅಷ್ಟs ಅಲ್ಲೇನು? ಈಗ ಆಗಂಗಿಲ್ಲ." ಟೇಪು ಕಿತ್ತು ಸ್ವಿಚ್ ಒತ್ತಿದರು. ವರ್ಷಗಳ ನಂತರ ನಾನು ಕಣ್ಣು ಮುಚ್ಚಿದೆ.

ಮುಂದಿನ ಎರಡು ನಿಮಿಷ ಏನಾಯಿತೋ ನಾನು ಹೇಳಲಾರೆ. ಆರಿದವನ ಸಾಕ್ಷಿ ನಡೆಯುವುದಿಲ್ಲ. ಮತ್ತೆ ಹೊತ್ತಿಸಿದಾಗ ಗದಿಗೆಪ್ಪನವರು ಫೋನನ್ನು ಮೂಗಿನ ಹತ್ತಿರ ಹಿಡಿದು ಕೂತಿದ್ದರು. ನನ್ನ ಸಾಲು ಹೋಗಿ, ಈಗ ಮರಳಿ ಬಂದಿತ್ತಂತೆ. ಅವರು ಪೆನ್ನು ತೆಗೆದು ಚಾರ್ಟಿನ ಆರನೆಯ ಗೆರೆಯಲ್ಲಿ ಬರೆದರು: 'ದೀಪ. ಪಾಸ್ ಉಂಟು.'

ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಮರುದಿನ ಬೆಳಿಗ್ಗೆ ದೇವರಿಗೆ ಹೊಸ ಜೀರೋ ಬಲ್ಬು ತಂದರು. ನನ್ನನ್ನು ಬಿಚ್ಚಿ, ವೈರು ಎಳೆಸಿ, ಸ್ವತಃ ಸ್ಟೂಲು ಹತ್ತಿ ಮೆಟ್ಟಿಲಿನ ತಿರುವಿನಲ್ಲಿ ಹಾಕಿದರು. ಇಂದುಮತಿ ಬಾಗಿಲಲ್ಲಿ ನಿಂತು ನೋಡಿದಳು.

"ಲೈಟ್ ಕೇಳಿ ಎರಡು ವರ್ಷ ಆತು. ಕಳ್ಳಿ ಅನ್ನಿಸಿಕೊಂಡ ಮ್ಯಾಲ ಬಂತು ನೋಡ್ರಿ."

"ಇದರಾಗ ವೈಫೈನೂ ಐತಿ," ಎಂದರು ಗದಿಗೆಪ್ಪ, ಗೋಡೆಯ ಕಡೆ ನೋಡುತ್ತ.

"ಅದೊಂದು ಬ್ಯಾಡ್ರಿ ಸಾಹೇಬ್ರ."

ಈಗ ನನಗೆ ವಯಸ್ಸಾಗಿದೆ. ನೀಲಿ ಸತ್ತಿದೆ, ಹಸಿರು ಮಿಣುಕುತ್ತದೆ, ಟೋಪಿಯೊಳಗೆ ಎರಡು ನೊಣ ಶಾಶ್ವತವಾಗಿ ಮಲಗಿವೆ. ಸಂಜೆ ಹೊತ್ತಿಸುತ್ತಾರೆ, ಮಲಗುವಾಗ ಆರಿಸುತ್ತಾರೆ. ದಿನಕ್ಕೊಮ್ಮೆ ನಿದ್ದೆ ಸಿಗುತ್ತದೆ. ದೇವರ ಕೋಣೆಯಲ್ಲಿ ನನ್ನ ಕೆಳಗೇ ಕೂತು ನನ್ನ ಬೆಳಕಿನಲ್ಲೇ ನನ್ನನ್ನು ಹುಡುಕಿದವರನ್ನು ನೆನೆದರೆ ನಗು ಬರುತ್ತದೆ. ಆದರೆ ಒಂದು ಮಾತು ಹೇಳಬೇಕು. ಈಗ ಮೆಟ್ಟಿಲು ಹತ್ತುವಾಗಲೆಲ್ಲ ಗದಿಗೆಪ್ಪನವರು ತಿರುವಿನಲ್ಲಿ ನಿಂತು, ತಲೆಯೆತ್ತಿ ನನ್ನನ್ನು ನೋಡುತ್ತಾರೆ. ಆಮೇಲೆಯೇ ಇಂದುಮತಿಯ ಬಾಗಿಲು ತಟ್ಟುತ್ತಾರೆ.