ಬೆರಳಿಟ್ಟು ಓದಿ

ತುಮಕೂರಿನ ಆ ನಲ್ಲಿ ಕಾರ್ಖಾನೆಯಲ್ಲಿ ಪಾಲಿಷ್ ಶೆಡ್ಡಿನವರನ್ನು ದೂರದಿಂದಲೇ ಗುರುತಿಸಬಹುದಿತ್ತು. ಹಿತ್ತಾಳೆಯ ಹೊಳಪು ಅವರ ರೆಪ್ಪೆಯ ಮೇಲೆ, ಧೂಳು ಎದೆಯೊಳಗೆ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಗುಲಾಮ್ ನಬಿಯ ಎದೆಗೆ ಕೊಳವೆ ಇಟ್ಟು ಕೇಳಿದ ಡಾಕ್ಟರು, "ಸಾಬ್ರೆ, ನೀವಾಗಿ ಆ ಶೆಡ್ಡು ಬಿಡಿ. ಅದಂತೂ ನಿಮ್ಮನ್ನ ಬಿಡಲ್ಲ" ಅಂದಿದ್ದರು.

ಬಿಟ್ಟು ಹೋಗಲು ಇದ್ದದ್ದು ಸ್ಟೋರ್ಸ್ ಸೆಕ್ಷನ್ ಒಂದೇ. ಅಲ್ಲಿ ಧೂಳಿರಲಿಲ್ಲ, ಇಂಗ್ಲಿಷ್ ಇತ್ತು. ಓದು ಬರಹದ ಪರೀಕ್ಷೆ ದಾಟಿದವರಿಗಷ್ಟೇ ಬಾಗಿಲು. ಅದಕ್ಕೆಂದು ೧೯೮೩ರಲ್ಲಿ ಕಂಪನಿ ಸಂಜೆ ತರಗತಿ ತೆರೆದು, ಯೋಗನರಸಿಂಹ ಎಂಬ ಮೇಷ್ಟ್ರನ್ನು ನೇಮಿಸಿತು.

ಮೇಷ್ಟ್ರು ನಗಿಸದೆ ಪಾಠ ಮಾಡಿದವರಲ್ಲ. ಬೋರ್ಡು ನೋಡಿ ಚಿತ್ರದಂತೆ ಬಿಡಿಸಿದ ಅಕ್ಷರಗಳನ್ನು ಕಂಡು ಅನ್ನುವರು: "ಏನ್ರಯ್ಯಾ, ಕುಣಿಗಲ್ ಬೆಟ್ಟಯ್ಯನ ಅಕ್ಷರ ಕುಣೀತವೆ, ಗುಬ್ಬಿ ಸಾಬ್ರ ಅಕ್ಷರ ಹಾರ್ತವೆ! ನೆಲದ ಮೇಲೆ ನಿಲ್ಲೋ ಅಕ್ಷರ ಯಾರೂ ಬರಿಯಲ್ವಾ?"

"ನೆಲದ್ ಮೇಲೆ ನಾವೇ ನಿಂತಿಲ್ಲ ಬುಡಿ ಸಾ, ಡಬಲ್ ಡ್ಯೂಟಿ ಮಾಡಿ ತೂರಾಡ್ತಾ ಇದೀವಿ" ಎಂದ ಬೆಟ್ಟಯ್ಯ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ವಾಕ್ಯದ ಬಾಲವನ್ನು ರಾಗವಾಗಿ ಎಳೆದು ಓದುತ್ತಿದ್ದರು. ಕ್ಲಾಸು ಒಟ್ಟಾಗಿ ಹಿಂದೆ ಹೇಳುತ್ತಿತ್ತು. ಗುಲಾಮ್ ನಬಿಗೆ ಇದು ಹೊಸದಲ್ಲ. ಚಿಕ್ಕಂದಿನಲ್ಲಿ ಮಸೀದಿಯಲ್ಲಿ ಅರಬ್ಬಿ ಕಲಿತದ್ದೂ ಹೀಗೆಯೇ: ಹಜರತರು ಹೇಳುವುದು, ಹುಡುಗರು ಹಿಂದೆ ಮುಂದೆ ತೂಗುತ್ತ ಹೇಳುವುದು. ಬಾಯಿಗೆ ಬಂತೆಂದರೆ ಓದು ಬಂತು. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಕೆಮ್ಮಿನ ನಡುನಡುವೆ ಅವನ ತುಟಿ ಆಡುತ್ತಲೇ ಇತ್ತು. ಇಡೀ ಪುಸ್ತಕ ಬಾಯಿಗೆ ಬಂದಾಗ, ಓದು ಬಂದಿತೆಂದು ಅವನೂ ನಂಬಿದ, ಮೇಷ್ಟ್ರೂ ನಂಬಿದರು.

ಪರೀಕ್ಷೆಗೆ ಬೆಂಗಳೂರಿನಿಂದ ಶ್ರೀಕಂಠಯ್ಯ ಎಂಬ ಅಧಿಕಾರಿ ಬಂದರು. ಗುಲಾಮ್ ನಬಿಯ ಮುಂದೆ ಪುಸ್ತಕ ತೆರೆದಿಟ್ಟು, "ಸ್ಟೋರಿನ ಪಾಠ ಓದಿ" ಎಂದರು.

ಗುಲಾಮ್ ನಬಿ ಗಂಟಲು ಸರಿಮಾಡಿಕೊಂಡ. "ದಿ ಸ್ಟೋರ್ ಈಸ್ ಎ ಕ್ಲೀನ್ ಪ್ಲೇಸ್. ಎವೆರಿ ಟೂಲ್ ಹ್ಯಾಸ್ ಎ ಶೆಲ್ಫ್..." ಮೇಷ್ಟ್ರದೇ ದನಿ, ಮೇಷ್ಟ್ರದೇ ರಾಗ, ಉಸಿರು ತೆಗೆದುಕೊಳ್ಳುವ ಜಾಗವೂ ಅವರದೇ. ಸರದಿಗೆ ಕಾದಿದ್ದವರು ಕಿಸಕ್ಕನೆ ನಕ್ಕರು. ಮೇಷ್ಟ್ರ ಮುಖ ಅರಳಿತು.

ಶ್ರೀಕಂಠಯ್ಯನವರೂ ನಕ್ಕರು. "ಭೇಷ್! ಈಗ ಅದನ್ನೇ ಬೆರಳಿಟ್ಟು ಓದಿ."

ಗುಲಾಮ್ ನಬಿ ಬೆವೆತ ಬೆರಳನ್ನು ಪುಟದ ಬಲತುದಿಗೆ ಇಟ್ಟ. ಮೈ ಮೆಲ್ಲಗೆ ತೂಗತೊಡಗಿತು. ಬಾಯಿ ಇಂಗ್ಲಿಷ್ ಹೇಳುತ್ತಿತ್ತು, ಒಂದು ತಪ್ಪಿಲ್ಲದೆ. ಬೆರಳು ಬಲದಿಂದ ಎಡಕ್ಕೆ ಸರಿಯುತ್ತಿತ್ತು.

ಈ ಸಲ ಯಾರೂ ನಗಲಿಲ್ಲ.

ಶ್ರೀಕಂಠಯ್ಯ ಇಂಗ್ಲಿಷ್ ಚೀಟಿ ಅಂಟಿಸಿದ ಒಂದು ಡಬ್ಬ ಮೇಜಿನ ಮೇಲಿಟ್ಟರು. "ಇದರ ಮೇಲೆ ಏನಿದೆ ಹೇಳಿ ಸಾಬ್ರೆ." ಅವನು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ, "ಈ ಪಾಠ ಮೇಷ್ಟ್ರು ಇನ್ನೂ ಮಾಡಿಲ್ಲ ಸಾರ್" ಎಂದ.

"ಇದು ಆಸಿಡ್ಡು. ಓದಕ್ಕೆ ಬರದೋರನ್ನ ಒಳಗೆ ಬಿಟ್ರೆ ನಾಳೆ ಕೈ ಸುಟ್ಕೋತೀರಿ, ಕಣ್ಣು ಕಳ್ಕೋತೀರಿ. ನಾನೇನ್ಮಾಡ್ಲಿ ಹೇಳಿ." ಅವರು ಪೆನ್ನು ಎತ್ತಿ, ಅವನ ಹೆಸರಿನ ಮುಂದೆ ಫೇಲ್ ಎಂದು ಬರೆದರು.

ಮೇಷ್ಟ್ರು ಅವನ ಜೊತೆ ಗೇಟಿನವರೆಗೆ ನಡೆದರು. "ನಾಳೆಯಿಂದ ಎ ಬಿ ಸಿ ಡಿ ಶುರು ಮಾಡೋಣ, ನೀವೊಬ್ರೇ ಬನ್ನಿ. ಬರೋ ವರ್ಷ ಮತ್ತೆ ಪರೀಕ್ಷೆ ಇದೆ."

"ಬರೋ ವರ್ಷ..." ಎಂದ ಗುಲಾಮ್ ನಬಿಗೆ ಕೆಮ್ಮು ಬಂತು.

ಗೇಟಿನ ಹೊರಗೆ ಅವನ ಹೆಂಡತಿ ಫಾತಿಮುನ್ನೀಸಾ ನಿಂತಿದ್ದಳು. ಮನೆಯಲ್ಲಿ ಕೂರಲಾರದೆ ಗುಬ್ಬಿಯಿಂದ ಬಸ್ಸು ಹತ್ತಿ ಬಂದುಬಿಟ್ಟಿದ್ದಳು. ಸೆರಗನ್ನು ತಲೆಯ ಮೇಲೆಳೆದು ಮೇಷ್ಟ್ರನ್ನೇ ಕೇಳಿದಳು: "ನಮ್ಮನೆಯೋರು ಚೆನ್ನಾಗಿ ಓದಿದ್ರಾ ಸಾರ್?"

ಮೇಷ್ಟ್ರು ಅವನ ಕಡೆ ನೋಡಿದರು. "ಒಂದು ಮಾತೂ ತಪ್ಪಲಿಲ್ಲ ತಾಯಿ."

"ನಾನ್ ಹೇಳ್ಲಿಲ್ವಾ!" ಅವಳ ಮುಖ ಬೆಳಗಿತು. "ಹಂಗಾದ್ರೆ ಇವತ್ತಿಂದ್ಲೇ ಸ್ಟೋರಾ?"

"ಇಲ್ಲ. ಶೆಡ್ಡೇ" ಎಂದ ಗುಲಾಮ್ ನಬಿ.

ಅವಳು ಒಮ್ಮೆ ಮೇಷ್ಟ್ರನ್ನು, ಒಮ್ಮೆ ಗಂಡನನ್ನು ನೋಡಿದಳು. ಇಬ್ಬರಲ್ಲಿ ಯಾರು ಸುಳ್ಳಾಡುತ್ತಿದ್ದಾರೋ ಅವಳಿಗೆ ತಿಳಿಯಲಿಲ್ಲ. ಎರಡನೇ ಪಾಳಿಯ ಸೈರನ್ ಕೂಗಿತು. ಗುಲಾಮ್ ನಬಿ ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಳ್ಳುತ್ತ ಒಳಕ್ಕೆ ನಡೆದ.