ಆಸರೆಯ ಪಟ್ಟಿ

ಕುವೋಪಿಯೊ ನಗರದ ವಿಮಾ ಕಚೇರಿಯೊಂದರ ನಾನೂರು ಸರ್ವರ್‌ಗಳನ್ನು ಐಲಿ ರೌಹಾಲಾ ಇಪ್ಪತ್ತನಾಲ್ಕು ವರ್ಷಗಳಿಂದ ತಾನೇ ಬರೆದ ಕಂಪ್ಯೂಟರ್ ಆದೇಶಗಳಿಂದ ಆಳುತ್ತಿದ್ದಳು. ಆ ಶರತ್ಕಾಲದಲ್ಲಿ ಸಿಬ್ಬಂದಿ ಕಡಿತದ ಮಾತುಕತೆ ಆರಂಭವಾಯಿತು. ಆರು ವಾರಗಳ ಆ ಮಾತುಕತೆ ಮುಗಿದಾಗ ಅವಳು ಮತ್ತು ಹೊಸಬನಾದ ಯಾಲ್ಮಾರಿ, ಇವರಿಬ್ಬರಲ್ಲಿ ಒಬ್ಬರೇ ಉಳಿಯುವರೆಂಬುದು ಎಲ್ಲರಿಗೂ ತಿಳಿದಿತ್ತು. ಮಾತುಕತೆ ಆರಂಭವಾದ ವಾರವೇ ಮೇಲಧಿಕಾರಿ ಮಾರ್ಕೆಟ್ಟಾ ಅವಳ ಮೇಜಿಗೆ ಬಂದಳು.

"ನಿನ್ನ ತಲೇಲಿರೋ ಆದೇಶಗಳನ್ನೆಲ್ಲ ಕೆಲಸಕ್ಕೊಂದರಂತೆ ಕಟ್ಟಿ ಪ್ಯಾಕೇಜ್ ಮಾಡಿಡು, ಐಲಿ. ಯಾರು ಬೇಕಾದ್ರೂ ತಮ್ಮ ಯಂತ್ರಕ್ಕೆ ಇಳಿಸ್ಕೊಂಡು ಓಡಿಸೋ ಹಾಗಿರ್ಬೇಕು. ಯಾಲ್ಮಾರಿಗೂ ಹೇಳ್ಕೊಡು."

"ನನ್ನ ಗುಂಡಿ ನಾನೇ ತೋಡ್ಕೋಬೇಕು ಅನ್ನು."

"ಗುದ್ದಲಿ ಕಚೇರಿದೇ ಅಲ್ವಾ," ಎಂದು ಮಾರ್ಕೆಟ್ಟಾ ನಕ್ಕಳು.

ಐಲಿ ಹೇಳಿಕೊಟ್ಟಳು. ಮೊದಲು ಖಾಲಿ ಚೌಕಟ್ಟು. ಅದರಲ್ಲಿ ಹೆಸರು, ಆವೃತ್ತಿ. ಬಳಿಕ, ಪ್ಯಾಕೇಜ್ ಯಾವ ಯಾವ ಕಡತಗಳ ಆಸರೆಯಲ್ಲಿ ನಿಂತಿದೆಯೆಂಬ ಪಟ್ಟಿ.

"ಈ ಪಟ್ಟೀಲಿ ಒಂದು ಬಿಟ್ಟುಹೋದ್ರೂ ನಿನ್ನ ಯಂತ್ರದಲ್ಲಿ ಕುಣಿಯುತ್ತೆ, ಬೇರೆಯವರದ್ರಲ್ಲಿ ಸಾಯುತ್ತೆ. ಅದಕ್ಕೇ ಕೊನೇಲಿ ಏನೂ ಇಲ್ಲದ ಯಂತ್ರದಲ್ಲಿ ಓಡಿಸಿ ನೋಡ್ಬೇಕು, ತಿಳೀತಾ?"

ಯಾಲ್ಮಾರಿ ತಲೆಯಾಡಿಸಿ ಬರೆದುಕೊಂಡ.

ಆದರೆ ಐಲಿ ತನ್ನ ಪ್ರತಿ ಪ್ಯಾಕೇಜಿಗೂ ಬೇಕಾದ ಪುಟ್ಟ ಕಡತವೊಂದನ್ನು ತನ್ನ ಸ್ವಂತ ಖಾತೆಯಲ್ಲೇ ಉಳಿಸಿಕೊಂಡಳು. ಪಟ್ಟಿಯಲ್ಲಿ ಅದನ್ನು ಕಾಣಿಸಲಿಲ್ಲ. ಅವಳ ಖಾತೆ ಇರುವತನಕ ಎಲ್ಲವೂ ಓಡುವುದು. ಅದನ್ನು ಮುಚ್ಚಿದ ದಿನ ಎಲ್ಲವೂ ಕುಸಿಯುವುದು. ಆ ಧೈರ್ಯದಲ್ಲಿ ಅವಳು ಹನ್ನೆರಡು ಪ್ಯಾಕೇಜ್‌ಗಳನ್ನು ಹುಮ್ಮಸ್ಸಿನಿಂದ ಮುಗಿಸಿದಳು. ಕೊನೆಯದು, ಕೆಲಸ ಬಿಟ್ಟವರ ಖಾತೆಯನ್ನೂ ಬಾಗಿಲಿನ ಕಾರ್ಡನ್ನೂ ಒಂದೇ ಆದೇಶಕ್ಕೆ ರದ್ದುಮಾಡುವಂಥದ್ದು.

ಆರನೆಯ ಶುಕ್ರವಾರ ಮಾರ್ಕೆಟ್ಟಾ ಕೆಲಸದಿಂದ ತೆಗೆದ ಕಾಗದವನ್ನು ಐಲಿಯ ಕಡೆಗೆ ಸರಿಸಿದಳು. ಐಲಿ ಅದನ್ನು ಓದಿ ಮಡಿಸಿಟ್ಟಳು.

"ಆಯ್ತು. ನನ್ನ ಖಾತೆ ಮುಚ್ಚಿದ ತಕ್ಷಣ ಹನ್ನೆರಡೂ ಬಿದ್ದುಹೋಗ್ತವೆ. ಆಮೇಲೆ ನಂಗೆ ಫೋನ್ ಮಾಡ್ಬೇಡಿ."

"ಆ ಕಡತಾನಾ?" ಪಕ್ಕದಲ್ಲೇ ಕುಳಿತಿದ್ದ ಯಾಲ್ಮಾರಿ ಕಾಫಿ ಕಲಕುತ್ತಲೇ ಕೇಳಿದ. "ಎರಡನೇ ವಾರವೇ ಸಿಕ್ತು. ಏನೂ ಇಲ್ಲದ ಯಂತ್ರದಲ್ಲಿ ಓಡಿಸು ಅಂದವಳು ನೀನೇ. ನನ್ನ ಪ್ರತೀಲಿ ಅದನ್ನ ಒಳಗೇ ಸೇರಿಸಿದೀನಿ."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಹೇಳ್ದೆ. ಮಾರ್ಕೆಟ್ಟಾಗೆ."

"ಆಗಿನ್ನೂ ಹತ್ತು ಪ್ಯಾಕೇಜ್ ಬಾಕಿ ಇತ್ತು," ಎಂದಳು ಮಾರ್ಕೆಟ್ಟಾ, ವಿದಾಯದ ಕೇಕಿಗೆ ಚಾಕು ಹಾಕುತ್ತ. "ಉಳೀತೀನಿ ಅನ್ನೋ ನಂಬಿಕೆ ಇದ್ರೆ ನಿನ್ನ ಕೈ ಚೆನ್ನಾಗಿ ಓಡುತ್ತೆ. ಅಂಚಿನ ತುಂಡು ಕೊಡ್ಲಾ, ನಡುವಿನದ್ದಾ?"

ಐಲಿ ಬಾಗಿಲಾಚೆಯ ಅಡುಗೆಕೋಣೆಯಿಂದ ತನ್ನ ಕಾಫಿ ಲೋಟವನ್ನು ತರಲು ಹೋದಳು. ಮರಳಿ ಬಂದು ಕಾರ್ಡ್ ಒತ್ತಿದಾಗ ಬಾಗಿಲಿನ ದೀಪ ಕೆಂಪಾಯಿತು. ಅವಳ ಕೋಟು ಒಳಗೆ ಗೂಟದಲ್ಲಿತ್ತು. ಕಟ್ಟಡದ ಹೊರಗೆ ಹಿಮ ಸುರಿಯುತ್ತಿತ್ತು. ಅವಳು ಬಾಗಿಲಿನ ಗಾಜನ್ನು ತಟ್ಟಿದಳು.

ಅವಳದೇ ಕುರ್ಚಿಯಲ್ಲಿ ಕುಳಿತಿದ್ದ ಯಾಲ್ಮಾರಿ ತಿರುಗಿ ನೋಡದೆ, ಸ್ವಲ್ಪ ತಾಳು ಎಂಬಂತೆ ಒಂದು ಬೆರಳೆತ್ತಿದ. ಪರದೆಯ ಮೇಲೆ ಅವಳ ಹೆಸರಿನ ಕೆಳಗೆ ಹನ್ನೆರಡನೆಯ ಪ್ಯಾಕೇಜಿನ ಸಾಲುಗಳು ಒಂದೊಂದಾಗಿ ಹಸಿರಾಗುತ್ತಿದ್ದವು. ಕೊನೆಯ ಸಾಲೂ ಹಸಿರಾಗುವವರೆಗೆ ಅವನು ಏಳಲಿಲ್ಲ.