ನಡುವಿನ ಪಿಕಪ್

ವೀಣಾ ಗಿಟಾರಿಗೆ ವಾಯರು ಚುಚ್ಚಿ ಆಂಪ್ಲಿಫೈಯರಿನ ಗುಂಡಿ ಒತ್ತಿದ್ದೇ ತಡ, ವಿಠೋಬನ ಗುಡಿಯಲ್ಲಿ ಮೊದಲು ಹಾಡಿದ್ದು ಗೋಡೆಯಾಚೆಯ ಟ್ರಾನ್ಸ್‌ಫಾರ್ಮರು. ಗುಂಯ್ ಎಂಬ ದಪ್ಪ ಸದ್ದು ಗಿಟಾರಿನ ಮೂಲಕ ಹೊರಟು, ತಗಡಿನ ಮಾಡಿಗೆ ಬಡಿದು, ಭಜನೆಯ ಅಭ್ಯಾಸಕ್ಕೆ ತಾಳ ಹಿಡಿದು ಕೂತಿದ್ದ ಹೆಂಗಸರ ತಲೆಯ ಮೇಲೆ ಬಂದು ಕೂತಿತು.

"ಅದೆಂತದೇ ಅದು?" ಹಾರ್ಮೋನಿಯಂ ಮೇಲಿಂದ ಕೈ ತೆಗೆದು ಜಾನಕಿ ಕೇಳಿದಳು. "ಹಾಡ್ತದೋ, ಹಲ್ಲು ಕಡೀತದೋ?"

"ಒಂಚೂರು ತಡಿ ಜಾನಕಿಯಕ್ಕ. ಪಿಕಪ್ಪಿಂದು ಅದು."

"ಯಾರದ್ದಾದ್ರೂ ಆಗ್ಲಿ, ಸುಮ್ನಿರೂಕೆ ಹೇಳು."

ಗುಡಿಯಿದ್ದ ತೋಡೂರಿನ ಕಾಲನಿ ನೌಕಾನೆಲೆಗೆ ಜಾಗ ಬಿಟ್ಟು ಬಂದವರದು. ಜನ ಬಂದಾಗ ಅವರ ಜೊತೆ ದೇವರೂ ಬಂದ. ಉಳಿದಿದ್ದ ಮೂಲೆಯ ಸೈಟು ಅವನಿಗೆ ಸಿಕ್ಕಿತು; ಟ್ರಾನ್ಸ್‌ಫಾರ್ಮರು ಅದರ ಪಕ್ಕಕ್ಕೇ. ಅಲ್ಲಿ ವರ್ಷಕ್ಕೊಮ್ಮೆ ಸಪ್ತಾಹ. ಏಳು ದಿನ ಹಗಲೂ ರಾತ್ರಿ ಭಜನೆ, ನಡುವೆ ಒಂದು ಉಸಿರಿನಷ್ಟೂ ನಿಲ್ಲುವಂತಿಲ್ಲ. ಸುತ್ತಲಿನ ಊರುಗಳ ತಂಡಗಳು ಪಾಳಿ ಹಂಚಿಕೊಳ್ಳುತ್ತವೆ. ಏಕಾದಶಿಯ ಮಧ್ಯಾಹ್ನದ ಪಾಳಿ ಕಾಲನಿಯ ಹೆಂಗಸರದು, ಅವರ ಮುಂದಾಳು ಜಾನಕಿ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಮಕ್ಕಳನ್ನು ಊಟಕ್ಕೆ ಕರೆಯಲು ಗಂಟೆ ಬೇಡದಂಥ ದನಿ.

ವೀಣಾಳ ದನಿ ಸ್ವರದಲ್ಲಿ ನಿಲ್ಲುವುದಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಅಭಂಗ ಎತ್ತಿಕೊಂಡವಳನ್ನು ಇದೇ ಜಾನಕಿ ಅರ್ಧಕ್ಕೆ ತಡೆದು, "ನೀ ಚಪ್ಪಾಳೆ ಹೊಡಿ ಮಗಾ" ಎಂದಿದ್ದಳು. ಅಂದಿನಿಂದ ಹಿಂದಿನ ಸಾಲಿನಲ್ಲಿ ಚಪ್ಪಾಳೆ. ಡಿಪ್ಲೊಮಾ ಮುಗಿಯಿತು, ಬಾಳೆಗುಳಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಚಪ್ಪಾಳೆ ಮಾತ್ರ ತಪ್ಪಲಿಲ್ಲ. ಜಾನಕಿಯದೇನೂ ತಪ್ಪಿರಲಿಲ್ಲ, ಹಾಡು ಕೆಟ್ಟದ್ದೇ ಇತ್ತು. ತನ್ನ ಗಂಟಲಿಗೆ ಬಾರದ್ದು ಬೆರಳಿಗೆ ಬರುತ್ತದೆ ಎಂದು ವೀಣಾಳಿಗೆ ತಿಳಿದದ್ದು ಗೆಳೆಯ ಸುಜಯನ ಹಳೇ ಗಿಟಾರು ಕೈಗೆ ಸಿಕ್ಕಿದ ಮೇಲೆ. ಮುಂದಿನ ಸಾಲಿಗೆ ಹೋಗಲು ಅವಳಿಗಿದ್ದ ದಾರಿ ಅದೊಂದೇ. ಆ ದಾರಿಯೀಗ ಗುಂಯ್ ಅನ್ನುತ್ತಿತ್ತು.

ಪಿಕಪ್ಪೆಂದರೆ ಗಿಟಾರಿನ ತಂತಿಗಳ ಅಡಿಗೆ ಕೂತ ಮೂರು ಬಿಳಿ ಡಬ್ಬಿಗಳು: ಕತ್ತಿನ ಹತ್ತಿರ ಒಂದು, ನಡುವೆ ಒಂದು, ಬುಡದಲ್ಲಿ ಒಂದು. ಒಳಗೆ ಕೂದಲಿಗಿಂತ ತೆಳ್ಳಗಿನ ತಾಮ್ರದ ಸುರುಳಿ, ಅಡಿಗೆ ಅಯಸ್ಕಾಂತ. ತಂತಿ ಅಲುಗಿದರೆ ಸುರುಳಿಗೆ ಗೊತ್ತಾಗುತ್ತದೆ, ಅದು ಆಂಪ್ಲಿಫೈಯರಿಗೆ ಹೇಳುತ್ತದೆ. ತೊಂದರೆಯೇನೆಂದರೆ ಟ್ರಾನ್ಸ್‌ಫಾರ್ಮರಿನ ಮಾತೂ ಅದಕ್ಕೆ ಕೇಳುತ್ತದೆ, ಅದನ್ನೂ ಹೇಳಿಬಿಡುತ್ತದೆ.

ವೀಣಾ ಕೂತಲ್ಲೇ ಸ್ವಲ್ಪ ಹೊರಳಿದಳು. ಗುಂಯ್ ತಗ್ಗಿತು. ಇನ್ನೂ ಹೊರಳಿದಳು. ನಿಂತೇಹೋಯಿತು.

"ಹಾಂ!" ಎಂದು ತಲೆಯೆತ್ತಿದರೆ ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳ ಬೆನ್ನು ನೇರ ವಿಠೋಬನ ಕಡೆಗಿತ್ತು.

"ಚಲೋ ಆಯ್ತು," ಅಂದಳು ಎಲ್ಲರಿಗಿಂತ ಹಿರಿಯಳಾದ ಹೊನ್ನಮ್ಮ. "ದೇವ್ರು ನಿನ್ ಜಡೆ ನೋಡ್ತಾ ನಿಂತ್ಕಳ್ಲಿ."

ವೀಣಾ ಗಡಬಡಿಸಿ ತಿರುಗಿದಳು. ಗುಂಯ್ ಮರಳಿತು. ಪೂರ್ತಿ ಸುತ್ತಿ ದೇವರಿಗೆ ಮುಖ ಮಾಡಿದಾಗ ಮತ್ತೆ ನಿಶ್ಶಬ್ದ. ಅವಳಿಗೆ ಖುಷಿಯಾಯಿತು. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ನಂಗೆ ಬೆನ್ನು ಹಾಕ್ತ್ಯಾ?"

"ದೇವ್ರಿಗೆ ಮುಖ ಮಾಡಿದ್ದು ಅಕ್ಕ."

"ಲಯ ದೇವ್ರು ತೋರಿಸ್ತ್ನಾ? ನಾ ಕೈ ಎತ್ತಿದ್ರೆ ನಿಂಗೆ ಕಾಣ್ತದಾ?"

ಕಾಣುವುದಿಲ್ಲ. ಭಜನೆಯವರು ಎದುರುಬದುರು ಎರಡು ಸಾಲಾಗಿ ಕೂರುತ್ತಾರೆ. ಜಾನಕಿಯ ಜಾಗ ಸಾಲಿನ ನಡುವೆ, ವೀಣಾಳದು ಗರ್ಭಗುಡಿಯ ಹತ್ತಿರದ ತುದಿಗೆ. ಆ ಕಡೆ ತಿರುಗಿದರೆ ಇಡೀ ತಂಡ ಬೆನ್ನಿನ ಹಿಂದೆ. ಬಾಗಿಲ ಕಡೆಯ ತುದಿಗೆ ಹೋಗಿ ಕೂರೋಣವೆಂದರೆ ಅದು ಜನ ದರ್ಶನಕ್ಕೆ ಬರುವ ದಾರಿ, ಸಪ್ತಾಹದಲ್ಲಿ ಅದನ್ನು ಕಟ್ಟುವಂತಿಲ್ಲ. ಗುಂಯ್ ಇಲ್ಲದ ದಿಕ್ಕು ಇದ್ದದ್ದು ಎರಡೇ. ಒಂದರಲ್ಲಿ ವಿಠೋಬನಿಗೆ ಬೆನ್ನು, ಇನ್ನೊಂದರಲ್ಲಿ ಜಾನಕಿಗೆ. ವಿಠೋಬ ಕ್ಷಮಿಸಿಯಾನು.

"ನೋಡೇ," ಜಾನಕಿ ಅಂದಳು, "ಏಕಾದಶಿಗೆ ಅದು ಹಿಂಗೇ ಗುಂಯ್‌ಗುಟ್ಟಿದ್ರೆ ನೀ ಚಪ್ಪಾಳೆ ಸಾಲಿಗೆ. ಸಿಟ್ಟು ಮಾಡ್ಕಬೇಡ."

"ಅಡ್ಡಿಲ್ಲ," ಎಂದಳು ವೀಣಾ. ಮನಸ್ಸಿನಲ್ಲಿ ಅಂದದ್ದು ಗುಡಿಯಲ್ಲಿ ಅನ್ನುವಂಥದ್ದಾಗಿರಲಿಲ್ಲ.

ಮರುದಿನವೇ ಸುಜಯ ಕಾರವಾರದಿಂದ ಬೈಕಿನಲ್ಲಿ ಬಂದ. ಮದುವೆಯ ಆರ್ಕೆಸ್ಟ್ರಾದಲ್ಲಿ ನುಡಿಸುವವ. ಅವನ ಕೆಂಪು ಗಿಟಾರಿನ ಪಿಕಪ್ಪುಗಳು ಜೋಡಿ ಸುರುಳಿಯವು, ಅಂಥದಕ್ಕೆ ಹಂಬಕರ್ ಎನ್ನುತ್ತಾರೆ.

"ಗುಂಯ್ ಕೊಲ್ಲೂಕೇ ಹುಟ್ಟಿದ್ದು ಇದು," ಎಂದು ಅವನು ಗುಡಿಯಲ್ಲಿ ವಾಯರು ಚುಚ್ಚಿದ. ನಿಜವೇ. ಯಾವ ದಿಕ್ಕಿಗೆ ಕೂತರೂ ಸದ್ದಿಲ್ಲ. ವೀಣಾ ಅದನ್ನು ತೊಡೆಯ ಮೇಲಿಟ್ಟುಕೊಂಡಳು, ಜಾನಕಿ ಹಾರ್ಮೋನಿಯಂ ಒತ್ತಿದಳು, ಭಜನೆ ಶುರುವಾಯಿತು. ಗಿಟಾರು ದಪ್ಪಗೆ, ದುಂಡಗೆ ಮೊಳಗಿತು. ಒಂದು ಚರಣ ಮುಗಿಯುವುದರೊಳಗೆ ಹಾರ್ಮೋನಿಯಂ ಅದರಡಿ ಎಲ್ಲೋ ಮುಳುಗಿತ್ತು. ಪಖವಾಜಿನ ಎಡದ ಪೆಟ್ಟು ಯಾವುದು, ಗಿಟಾರಿನ ದಪ್ಪ ತಂತಿ ಯಾವುದು ಎಂದು ಬಾರಿಸುವವರಿಗೇ ತಿಳಿಯಲಿಲ್ಲ.

ಜಾನಕಿ ಕೈ ಎತ್ತಿ ನಿಲ್ಲಿಸಿದಳು. "ಅನ್ನದ ಮೇಲೆ ಸಾರು ಹೊಯ್ಯೂದು ಕ್ರಮ. ಇದು ಸಾರಿನ ಹಂಡೆಗೇ ಅನ್ನ ಬಗ್ಗಿಸ್ದಂಗೆ."

"ಮದುವೆ ಮನೇಲಿ ಯಾರೂ ಹಿಂಗೆ ಹೇಳ್ಲಿಲ್ಲಪ್ಪ," ಎಂದ ಸುಜಯ. ಅವನಿಗೆ ಸಿಟ್ಟು ಬಂದಿತ್ತು.

"ಮದುವೆ ಮನೇಲಿ ಎಲ್ರ ಲಕ್ಷ್ಯ ಎಲೆ ಮೇಲಿರ್ತದೆ," ಅಂದಳು ಹೊನ್ನಮ್ಮ.

ಸುಜಯ ಗಿಟಾರನ್ನು ಚೀಲಕ್ಕೆ ತುರುಕಿಕೊಂಡು ಬೈಕಿನ ಹತ್ತಿರ ಹೋದ. ವೀಣಾ ಹಿಂದೆಯೇ ಹೋದಳು.

"ಅದ್ರೊಳ್ಗೆ ಇರೂದೆಂತದು?"

"ಎರಡು ಕಾಯಿಲ್. ಒಂದ್ರದ್ದು ಸುತ್ತು ಹೀಂಗೆ, ಇನ್ನೊಂದ್ರದ್ದು ಉಲ್ಟಾ. ಗುಂಯ್ ಎರಡಕ್ಕೂ ಬರ್ತದೆ. ಒಂದು ಹೂಂ ಅಂದ್ರೆ ಇನ್ನೊಂದು ಉಹೂಂ ಅಂತದೆ. ಎರಡೂ ಸೇರಿ ಸೊನ್ನೆ."

"ನಂದ್ರಲ್ಲಿ ಮೂರು ಕಾಯಿಲ್ ಇದ್ಯಲ್ಲ. ಸ್ವಿಚ್ಚು ನಡುವೆ ನಿಲ್ಲಿಸಿದ್ರೆ ಎರಡು ಒಟ್ಟಿಗೇ ಹಾಡ್ತವೆ."

"ಮೂರೂ ಒಂದೇ ದಿಕ್ಕಿಗೆ ಸುತ್ತಿದ್ದು ಮಾರಾಯ್ತಿ. ಮೂರೂ ಹೂಂ ಅನ್ನೋವೇ. ಸುಮ್ನೆ ಹೊಸ ಹಂಬಕರ್ ತರ್ಸು, ಮರ ಕೆತ್ತಿ ಕೂರ್ಸಿಕೊಡ್ತೆ."

"ಕೂರ್ಸಿದ್ ಮೇಲೆ ಸಾರಿನ ಹಂಡೆ ಆಗ್ತದಲ್ಲ."

"ಹಂಗಾದ್ರೆ ಚಪ್ಪಾಳೆ ಹೊಡಿ," ಎಂದು ಅವನು ಗಾಡಿಯ ಕಿಕ್ ಒದ್ದು ಹೊರಟ.

ಬೇಕಾದದ್ದು ತನ್ನ ಗಿಟಾರಿನ ತೆಳು ದನಿಯೇ ಎಂದು ವೀಣಾಳಿಗೆ ಆ ಸಂಜೆ ಖಚಿತವಾಯಿತು. ಹಾರ್ಮೋನಿಯಮ್ಮಿಗೂ ಹೆಂಗಸರ ಕೊರಳಿಗೂ ನಡುವೆ ಸ್ವಲ್ಪ ಜಾಗವಿದೆ, ಅದರಲ್ಲಿ ನುಸುಳುವಷ್ಟು ತೆಳು. ಹಂಬಕರಿನ ಉಪಾಯ ಬೇಕು, ಹಂಬಕರ್ ಬೇಡ. ನಡುವಿನ ಪಿಕಪ್ ಒಂದನ್ನು ಉಲ್ಟಾ ಮಾಡಿದರೆ, ಕತ್ತಿನ ಪಿಕಪ್ಪಿನ ಜೊತೆ ಸೇರಿ ಅದೇ ಕೆಲಸ ಆಗಬೇಕು.

ಅಂಗಡಿಯಲ್ಲಿ ಊಟದ ಹೊತ್ತಿಗೆ ಗಿಟಾರಿನ ಮುಖ ಬಿಚ್ಚಿದಳು. ನಡುವಿನ ಪಿಕಪ್ಪಿನ ಎರಡು ವಾಯರು ಕಿತ್ತು, ಒಂದರ ಜಾಗಕ್ಕೆ ಇನ್ನೊಂದು ಬೆಸೆದಳು. ಮುಚ್ಚಿ, ಆಂಪ್ಲಿಫೈಯರಿಗೆ ಚುಚ್ಚಿ, ಸ್ವಿಚ್ಚನ್ನು ಆ ಎರಡರ ನಡುವೆ ನಿಲ್ಲಿಸಿ, ಗುಂಯ್ ಹುಟ್ಟಿಸುವ ಟ್ಯೂಬ್‌ಲೈಟಿನ ಅಡಿಗೇ ಹಿಡಿದಳು. ಗುಂಯ್ ಇಲ್ಲ! ಅವಳು ಕೂತಲ್ಲೇ ಒಮ್ಮೆ ಕುಣಿದು ತಂತಿ ಮೀಟಿದಳು.

ಅಂಗಡಿಯ ಮಾಲೀಕ ಜಗದೀಶ ಊಟದ ಡಬ್ಬಿಯಿಂದ ತಲೆಯೆತ್ತಿದ. "ಸೊಳ್ಳೆಗೆ ನೆಗಡಿ ಆಗ್ಯದಾ?"

ಹೌದು, ಹಾಗೇ ಇತ್ತು. ಸದ್ದಿನ ಮೈಯೆಲ್ಲ ಹೋಗಿ ಮೂಗೊಂದು ಉಳಿದಿತ್ತು. ವೀಣಾ ಮತ್ತೆ ಮತ್ತೆ ಮೀಟಿದಳು, ಸೊಳ್ಳೆ ಗುಣವಾಗಲಿಲ್ಲ.

"ಗುಂಯ್ ಹೋಯ್ತು ಅಂದ್ಯಲ್ಲ, ಮತ್ತೆಂತ?"

"ಗುಂಯ್ ಜೊತೆ ಹಾಡೂ ಹೋಯ್ತು."

ರೊಟ್ಟಿ ತಿನ್ನುತ್ತ ಯೋಚಿಸಿದಳು. ಸುರುಳಿ ತಿರುಗಿಸಿದ್ದಕ್ಕೆ ಗುಂಯ್ ಒಂದಕ್ಕೊಂದು ಕಳೆಯಿತು, ಸರಿ. ಆದರೆ ತಂತಿಯ ಸದ್ದೂ ಅದರ ಜೊತೆ ತಿರುಗಿ, ಕತ್ತಿನ ಪಿಕಪ್ಪಿನ ಸದ್ದನ್ನು ತಿಂದುಹಾಕಿತು. ಈಗ ತಂತಿಯ ಸದ್ದನ್ನಷ್ಟೇ ಮೊದಲಿನ ದಿಕ್ಕಿಗೆ ತರಬೇಕು. ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲ, ಅದು ನೇರ ಸುರುಳಿಗೆ ಬರುತ್ತದೆ. ತಂತಿಗೆ ಅಯಸ್ಕಾಂತವಿಲ್ಲದೆ ನಡೆಯುವುದಿಲ್ಲ. ಹಾಗಾದರೆ ಅಯಸ್ಕಾಂತವನ್ನು ಮಗುಚಿದರೆ?

ರೊಟ್ಟಿ ಅರ್ಧಕ್ಕೆ ಉಳಿಯಿತು.

ಅಗ್ಗದ ಗಿಟಾರಾದದ್ದೇ ಒಳ್ಳೆಯದಾಯಿತು. ಇಂಥದರ ಅಯಸ್ಕಾಂತ ಪಿಕಪ್ಪಿನ ಅಡಿಗೆ ಅಂಟಿಸಿದ ಒಂದು ಕಪ್ಪು ಪಟ್ಟಿ. ಮೊಬೈಲಿನ ಗಾಜು ಬಿಡಿಸುವ ಬಿಸಿಗಾಳಿ ಊದಿ ಅಂಟು ಮೆತ್ತಗೆ ಮಾಡಿ, ಬ್ಲೇಡು ತೂರಿಸಿ ಎಬ್ಬಿಸಿದಳು. ಪಟ್ ಎಂದು ಬಂತು, ಎರಡು ತುಂಡಾಗಿ.

"ಮುರಿದ್ಯಾ?"

"ಮುರೀತು."

"ಮುರೀತು ಅಂದ್ರೆ ಮುರಿದ್ದೆ ಅಂತ್ಲೇ," ಎಂದ ಜಗದೀಶ.

ಎರಡೂ ತುಂಡು ಮಗುಚಿ ಸಾಲಾಗಿ ಇಟ್ಟರೆ ಅವು ಕೂರಲೊಲ್ಲವು, ಒಂದನ್ನೊಂದು ನೂಕುತ್ತವೆ. ಗಟ್ಟಿ ಅಂಟು ಹಾಕಿ ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ತುಂಡುಗಳು ಅಂಟಿದವು. ಹೆಬ್ಬೆರಳೂ ಅಂಟಿತು. ಗಿರಾಕಿಯೊಬ್ಬ ಫೋನು ಕೇಳಿಕೊಂಡು ಬಂದಾಗ ಅವಳು ಎರಡೂ ಕೈಯಿಂದ ಪಿಕಪ್ಪಿಗೆ ನಮಸ್ಕಾರ ಮಾಡುತ್ತ ಕೂತಿದ್ದಳು. ಜಗದೀಶ ನಗುತ್ತ ನಗುತ್ತ ಥಿನ್ನರ್ ತಂದು ಬೆರಳು ಬಿಡಿಸಿದ.

ಈ ಸಲ ಮೀಟಿದಾಗ ಅಂಗಡಿಯಲ್ಲಿ ಯಾರೂ ಸೊಳ್ಳೆಯ ಮಾತೆತ್ತಲಿಲ್ಲ. ಸದ್ದು ತೆಳ್ಳಗಿತ್ತು, ಆದರೆ ಮೈ ಇತ್ತು, ತುದಿಯಲ್ಲಿ ಸಣ್ಣ ಮಿನುಗಿತ್ತು. ಇನ್ನೂ ಗಟ್ಟಿ ಬರಲೆಂದು ಅವಳು ಪಿಕಪ್ಪಿನ ಸ್ಕ್ರೂ ತಿರುಗಿಸಿ ಅದನ್ನು ತಂತಿಗೆ ತಾಗುವಷ್ಟು ಮೇಲೆತ್ತಿದಳು. ಅದು ದುರಾಸೆ. ಅಯಸ್ಕಾಂತ ದಪ್ಪ ತಂತಿಯನ್ನೇ ಎಳೆದು ಹಿಡಿದು, ಸ್ವರ ಕುಡಿದವನ ಹಾಗೆ ತೂರಾಡಿತು. ಮತ್ತೆ ಇಳಿಸಿದಳು. ದಪ್ಪ ತಂತಿಯ ಕಡೆ ಹೆಚ್ಚು, ಸಣ್ಣ ತಂತಿಯ ಕಡೆ ಕಮ್ಮಿ. ಒಂದೊಂದು ಕಾಲು ಸುತ್ತಿಗೂ ಮೀಟಿ, ಕಿವಿಗೊಟ್ಟು, ಮತ್ತೆ ಕಾಲು ಸುತ್ತು. ಇಳಿಸಿದಷ್ಟೂ ಸದ್ದು ತುಸು ಸಣ್ಣದಾಯಿತು, ಶುದ್ಧವಾಯಿತು. ಗಟ್ಟಿ ಬೇಕಾದರೆ ಆಂಪ್ಲಿಫೈಯರ್ ಇದ್ದೇ ಇದೆ. ಆರೂ ತಂತಿ ಒಂದೇ ಅಳತೆಯಲ್ಲಿ ಮಾತಾಡಿದಾಗ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಹೊರಗೆ ಅವಳು ಮನೆಗೆ ಹೋಗಬೇಕಿದ್ದ ಬಸ್ಸು ಹೋಗಿಯಾಗಿತ್ತು.

ಏಕಾದಶಿಯ ಮಧ್ಯಾಹ್ನ ಗುಡಿ ತುಂಬಿತ್ತು. ಹಿಂದಿನ ಪಾಳಿಯವರ ದನಿಗೆ ದನಿ ಸೇರಿಸುತ್ತ ಹೆಂಗಸರು ಒಬ್ಬೊಬ್ಬರಾಗಿ ಕೂತರು. ವೀಣಾ ತನ್ನ ತುದಿಯಲ್ಲಿ, ಎದುರಿನ ಸಾಲಿಗೆ ಸರಿಯಾಗಿ ಮುಖ ಮಾಡಿ ಕೂತು ಗುಂಡಿ ಒತ್ತಿದಳು.

ಏನೂ ಕೇಳಲಿಲ್ಲ.

ಜಾನಕಿ ಹಾಡುತ್ತಲೇ ಹುಬ್ಬು ಹಾರಿಸಿದಳು: ಶುರು ಮಾಡು. ವೀಣಾ ಆಂಪ್ಲಿಫೈಯರಿನ ಕೆಂಪು ದೀಪ ತೋರಿಸಿದಳು. ಜಾನಕಿ ನಂಬಲಿಲ್ಲ. ಪ್ಲಗ್ಗು ನೋಡು ಎಂದು ಗದ್ದದಿಂದ ಹೇಳಿದಳು. ಪಲ್ಲವಿ ಮರಳಿ ಬರುವ ಜಾಗ ಕಾದು ವೀಣಾ ಮೊದಲ ಸ್ವರ ಮೀಟಿದಳು.

ಅದು ಹಾರ್ಮೋನಿಯಂ ಪಕ್ಕ ಹಾದು, ಯಾರ ಕೊರಳನ್ನೂ ತುಳಿಯದೆ, ತಗಡಿನ ಮಾಡಿನವರೆಗೆ ಹೋಯಿತು. ಹೊನ್ನಮ್ಮ ತಾಳ ತಪ್ಪಿ ಮತ್ತೆ ಹಿಡಿದಳು. ಜಾನಕಿ ವೀಣಾಳನ್ನೇ ನೋಡುತ್ತ, ಹೇಳದೆ ಕೇಳದೆ ಒಂದು ಬೆರಳು ಎತ್ತಿ ಲಯ ಏರಿಸಿದಳು. ಬೆರಳು ಕಂಡಿತು, ವೀಣಾ ಏರಿದಳು. ಜಾನಕಿ ಇನ್ನೊಂದು ಬೆರಳೆತ್ತಿದಳು. ಅದೂ ಕಂಡಿತು. ಆಮೇಲೆ ಪರೀಕ್ಷೆಯೆಂಬುದು ಇಬ್ಬರಿಗೂ ಮರೆತುಹೋಗಿ, ಹೆಂಗಸರ ಕೂದಲು ಬಿಚ್ಚಿ, ಬೆವರಿಳಿದು, ನಿಂತು ನೋಡುತ್ತಿದ್ದವರೂ ಕೂತು ಹಾಡುವಂತಾಯಿತು. ಬಾಗಿಲಲ್ಲಿ ಸುಜಯ ಬಂದು ನಿಂತಿದ್ದ. ಅವನೂ ಚಪ್ಪಾಳೆ ಹೊಡೆಯುತ್ತಿದ್ದ.

ಪಾಳಿ ಬದಲಾಗುವಾಗ ಹೊಸಬರು ಕೂತು ದನಿ ಸೇರಿಸಿದ ಮೇಲೆ ಹಳಬರು ಏಳಬೇಕು, ನಡುವೆ ಭಜನೆ ನಿಲ್ಲಬಾರದು. ಬಾಳೆಗುಳಿಯ ಗಂಡಸರ ತಂಡ ಬಂದು ಕೂತಿತು. ಅವರ ಮುಂದಾಳು ಜಟ್ಟು, ದೊಡ್ಡ ಹೊಟ್ಟೆಯ ಲಾರಿ ಚಾಲಕ. ವೀಣಾ ವಾಯರು ಕೀಳಲು ಬಗ್ಗಿದಾಗ ಅವನು ಹಾಡುತ್ತಲೇ ಅಂಗೈ ಅಡ್ಡ ಹಿಡಿದ: ಏಳಬೇಡ.

ಜಾನಕಿ ಬಾಗಿಲಿನಿಂದ ಸನ್ನೆ ಮಾಡಿದಳು: ನಮ್ಮ ಹುಡುಗಿ, ಊಟವಿಲ್ಲ, ಬಿಡು. ಜಟ್ಟು ತಲೆ ಅಲ್ಲಾಡಿಸಿ ಇನ್ನೂ ಗಟ್ಟಿಯಾಗಿ ಹಾಡಿದ. ಜಾನಕಿ ಸೊಂಟಕ್ಕೆ ಕೈಯಿಟ್ಟಳು. ಜಟ್ಟು ದೇವರ ಕಡೆ ಕೈ ತೋರಿಸಿದ. ನಿಲ್ಲಿಸುವಂತಿಲ್ಲದ ಹಾಡಿನ ನಡುವೆ ಇಬ್ಬರೂ ಸನ್ನೆಯಲ್ಲೇ ಜಗಳಾಡಿದರು. ವೀಣಾ ಇಬ್ಬರನ್ನೂ ನೋಡಿದಳು. ಬೆರಳ ತುದಿ ಉರಿಯುತ್ತಿತ್ತು, ಹೊಟ್ಟೆ ಖಾಲಿಯಿತ್ತು. ಜಟ್ಟುವಿನ ಸ್ವರ ಜಾನಕಿಯದಕ್ಕಿಂತ ಹಾರ್ಮೋನಿಯಮ್ಮಿನ ಎರಡು ಮನೆ ಕೆಳಗಿತ್ತು. ಅವಳು ಎಡಗೈಯನ್ನು ಗಿಟಾರಿನ ಕತ್ತಿನ ಮೇಲೆ ಎರಡು ಮನೆ ಕೆಳಗೆ ಸರಿಸಿ ಮೀಟಿದಳು.

ಜಾನಕಿ ಸಿಟ್ಟಿನಿಂದ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಉಪವಾಸದ ಸಾಬುದಾಣೆ ಖಿಚಡಿಯ ತಟ್ಟೆ ಹಿಡಿದು ಬಂದು, ಗಂಡಸರ ಸಾಲನ್ನು ಮೊಣಕೈಯಿಂದ ಸರಿಸಿ, ವೀಣಾಳ ಪಕ್ಕದಲ್ಲಿ ಕೂತಳು. ಒಂದು ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದಳು.

"ಕೈ ನಿಲ್ಲಿಸ್ಬೇಡ," ಎಂದಳು ಕಿವಿಯಲ್ಲಿ. "ಬಾಯಿ ತೆಗಿ."